ಹಿತ್ತಲಿನ ನೀರಿನ ಲೈನಿನಲ್ಲಿ ಒಡೆದ ಟೀ ಬದಲಿಸುವ ಕ್ರಮ

ನೆಲದಲ್ಲಿ ಹೂತ ಪಿವಿಸಿ ಲೈನಿನಲ್ಲಿ ಕವಲು ತೆಗೆಯಲು ಹಾಕುವ ಮೂರು ಬಾಯಿಯ ಫಿಟ್ಟಿಂಗು, ಅಂದರೆ ಟೀ, ಒಡೆದಾಗ ಹೊಸದನ್ನು ಅಂಟಿಸುವುದು ಅಷ್ಟೇನೂ ಕಷ್ಟವಲ್ಲ. ಎರಡೂ ಕಡೆ ಮಣ್ಣು ಕಚ್ಚಿ ಹಿಡಿದು ಅಲುಗಾಡದೆ ಕುಳಿತ ಪೈಪುಗಳ ನಡುವೆ ಆ ಹೊಸ ಟೀಯನ್ನು ಕೂರಿಸುವುದೇ ಕಷ್ಟ. 32 ಮಿ.ಮೀ. ಟೀಯ ಪ್ರತಿ ಬಾಯೊಳಗೂ ಪೈಪು ಸುಮಾರು 22 ಮಿ.ಮೀ. ಹೋಗಬೇಕು, ಪೈಪು ಅಷ್ಟು ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಬರಲು ಜಾಗವಿಲ್ಲದ ಕಡೆ ಟೀ ಎಷ್ಟೇ ಒಳ್ಳೆಯದಾಗಿದ್ದರೂ ಕೂರುವುದಿಲ್ಲ. ಇದನ್ನು ಯೋಚಿಸದೆ ಮೊದಲು ಬ್ಲೇಡು ಹಿಡಿದವರು ಒಂದು ಬಾಯಿಗೆ ಪೈಪು ಸೇರಿಸಿ, ಇನ್ನೊಂದು ಬಾಯಿಯ ಮುಂದೆ ಏನೂ ತೋಚದೆ ಕುಳಿತುಬಿಡುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಕುಳಿತಿದ್ದೆ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಆ ಜಾಗ ಮಾಡಿಕೊಳ್ಳುವ ಬಗೆಗೇ ಇದೆ.

ಉದಾಹರಣೆಗೆ ತಿಪಟೂರಿನ ನಮ್ಮ ಮನೆಯ ಹಿತ್ತಲನ್ನೇ ತೆಗೆದುಕೊಳ್ಳುತ್ತೇನೆ. ಆರು ತೆಂಗಿನ ಮರ, ಒಂದಿಷ್ಟು ಬಾಳೆ, ನಿಂಬೆ, ಕರಿಬೇವು, ಮಲ್ಲಿಗೆ ಬಳ್ಳಿ. ಇಪ್ಪತ್ತು ಅಡಿ ಎತ್ತರದ ಸ್ಟ್ಯಾಂಡಿನ ಮೇಲಿರುವ ಸಾವಿರ ಲೀಟರಿನ ಟ್ಯಾಂಕಿನಿಂದ 32 ಮಿ.ಮೀ. ಪಿವಿಸಿ ಮೇನ್ ಲೈನು ನೆಲದೊಳಗೆ ಸಾಗುತ್ತದೆ. ಅದಕ್ಕೆ ನಾಲ್ಕು ಕಡೆ ಟೀ ಹಾಕಿ, ಪ್ರತಿ ಟೀಯಿಂದ ಒಂದೊಂದು ಸ್ಟ್ಯಾಂಡ್ ಪೈಪು ಮೇಲಕ್ಕೆ ಬಂದು, ಅದರ ತುದಿಯ ಬಾಲ್ ವಾಲ್ವಿನಿಂದಾಚೆಗೆ 16 ಮಿ.ಮೀ. ಡ್ರಿಪ್ ಪೈಪುಗಳು ಗಿಡಗಳ ಬುಡಕ್ಕೆ ಹೋಗುತ್ತವೆ. ಟ್ಯಾಂಕು ಖಾಲಿಯಿದ್ದಾಗ ಕೊಳವೆಬಾವಿಯ ಮೋಟಾರಿನಿಂದ ನೇರವಾಗಿ ಲೈನಿಗೆ ನೀರು ಬಿಡಲು ಒಂದು ಬೈಪಾಸ್ ಕೂಡ ಇದೆ. ಬೇಸಿಗೆಯಲ್ಲಿ ಒಣಗಿದ ಗರಿಯೊಂದು ಮಟ್ಟೆಸಮೇತ ಬಂದು ಸ್ಟ್ಯಾಂಡ್ ಪೈಪಿನ ನೆತ್ತಿಗೆ ಬಡಿಯಿತು. ಪೈಪಿಗೆ ಏನೂ ಆಗಲಿಲ್ಲ, ವಾಲ್ವಿಗೂ ಏನೂ ಆಗಲಿಲ್ಲ; ಒಂದೂವರೆ ಅಡಿ ಕೆಳಗಿದ್ದ ಟೀಯ ಕತ್ತು ಮುರಿಯಿತು. ಮೇಲೆ ಬಿದ್ದ ಪೆಟ್ಟು ಸ್ಟ್ಯಾಂಡ್ ಪೈಪನ್ನು ಹಾರೆಯಂತೆ ಮೀಟಿ, ಅದರ ಬುಡದಲ್ಲಿ ಬಾಗಲಾರದೆ ಗಟ್ಟಿಯಾಗಿ ನಿಂತ ಟೀಯನ್ನು ಸೀಳುವುದು ಇಂಥ ಲೈನುಗಳಲ್ಲಿ ಬಹಳ ಸಾಮಾನ್ಯ.

ನೆಲದೊಳಗಿನ ಸೋರಿಕೆಯನ್ನು ನಾಳೆ ನೋಡೋಣವೆಂದು ಬಿಡುವುದು ಸುಲಭ. ನಿಮಿಷಕ್ಕೆ ಒಂದು ಲೀಟರಿನಂತೆ ಸೋರಿದರೂ ದಿನಕ್ಕೆ 1,440 ಲೀಟರ್ ಹೋಗುತ್ತದೆ, ಅಂದರೆ ನಮ್ಮ ಟ್ಯಾಂಕಿನ ಒಂದೂವರೆಯಷ್ಟು. ಅಂಗಡಿ ತೆರೆಯುವವರೆಗೆ ತಡೆಯಲು ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಚೆನ್ನಾಗಿ ಎಳೆದು ಹಿಡಿದು, ಒಂದರ ಮೇಲೊಂದು ಅರ್ಧ ಬರುವಂತೆ ಸುತ್ತಿ ಬೈಂಡಿಂಗ್ ವೈರಿನಿಂದ ಕಟ್ಟಬಹುದು. ಟ್ಯಾಂಕಿನ ನೀರಿಗೆ ಅದು ಒಂದೆರಡು ದಿನ ತಡೆಯುತ್ತದೆ, ಮೋಟಾರಿನ ನೇರ ಒತ್ತಡಕ್ಕೆ ತಡೆಯುವುದಿಲ್ಲ.

ಬಿರುಕು ಏನು ಹೇಳುತ್ತದೆ

ಕತ್ತರಿಸುವ ಮೊದಲು ಒಡೆದ ಜಾಗವನ್ನು ಬಟ್ಟೆಯಿಂದ ಒರೆಸಿ ಸರಿಯಾಗಿ ನೋಡಬೇಕು. ಬಿರುಕು ಅಡ್ಡಲಾಗಿ, ಪೈಪು ಟೀಯೊಳಗೆ ಹೋಗುವ ಕತ್ತಿನಲ್ಲಿ ಉಂಗುರದ ಹಾಗೆ ಬಂದಿದ್ದರೆ ಅಲ್ಲಿ ಪೈಪಿಗೆ ಬಾಗು ಬಿದ್ದಿದೆ: ಮೇಲಿನಿಂದ ಪೆಟ್ಟು ಬಿದ್ದಿರಬಹುದು, ಅಡಿಯ ಮಣ್ಣು ಕುಸಿದಿರಬಹುದು, ಇಲ್ಲವೇ ಕೆಳಗೊಂದು ಕಲ್ಲು ಮೊನೆ ಮಾಡಿಕೊಂಡು ಒತ್ತುತ್ತಿರಬಹುದು. ಬಾಯಿಯ ಅಂಚಿನಿಂದ ಹೊಟ್ಟೆಯ ಕಡೆಗೆ ಉದ್ದಕ್ಕೆ ಸೀಳಿದ್ದರೆ ಒಳಗಿನ ಒತ್ತಡವನ್ನು ಅನುಮಾನಿಸಬೇಕು. ಹರಿಯುತ್ತಿರುವ ನೀರನ್ನು ಬಾಲ್ ವಾಲ್ವಿನಿಂದ ಪಟಕ್ಕನೆ ನಿಲ್ಲಿಸಿದಾಗ ಲೈನಿನೊಳಗೆ ಬೀಳುವ ಹೊಡೆತ ಇಂಥ ಸೀಳನ್ನು ಮಾಡುತ್ತದೆ. ಥ್ರೆಡ್ ಇರುವ ಬಾಯಿ ಉದ್ದಕ್ಕೆ ಸೀಳಿದ್ದರೆ ಯಾರೋ ಅದನ್ನು ಸ್ಪ್ಯಾನರ್ ಹಾಕಿ ಅತಿಯಾಗಿ ಬಿಗಿ ಮಾಡಿದ್ದಾರೆ. ಬಿರುಕೇ ಇಲ್ಲದೆ ಪೈಪು ಇಡಿಯಾಗಿ ಕಳಚಿಕೊಂಡು, ಅದರ ತುದಿ ನುಣುಪಾಗಿ ಹೊಳೆಯುತ್ತಿದ್ದರೆ ಅಲ್ಲಿ ಪೈಪು ಅಂಟಿಸುವ ಸಲ್ಯೂಷನ್ ಹಿಡಿದೇ ಇರಲಿಲ್ಲ.

ಇದೆಲ್ಲ ಏಕೆಂದರೆ, ಕಾರಣ ಅಲ್ಲೇ ಉಳಿದರೆ ಹೊಸ ಟೀಯೂ ಅದೇ ಜಾಗದಲ್ಲಿ ಒಡೆಯುತ್ತದೆ. ನಮ್ಮಲ್ಲಿ ಗರಿ ಬಿದ್ದದ್ದು ನೆಪ ಮಾತ್ರ. ಅಗೆದು ನೋಡಿದಾಗ ಟೀಯ ಹೊಟ್ಟೆಯ ಕೆಳಗೆ ಮುಷ್ಟಿ ಗಾತ್ರದ ಕಲ್ಲೊಂದಿತ್ತು, ಅದರ ಎರಡೂ ಪಕ್ಕದಲ್ಲಿ ಮಣ್ಣು ಇಳಿದಿತ್ತು. ವರ್ಷಗಟ್ಟಲೆ ಆ ಟೀ ಕಲ್ಲಿನ ಮೇಲೆ ತಕ್ಕಡಿಯ ಹಾಗೆ ಕುಳಿತಿತ್ತು.

ಅಂಗಡಿಯಲ್ಲಿ ಕೇಳುವ ಪ್ರಶ್ನೆ

"ಮುಕ್ಕಾಲು ಇಂಚಿನ ಟೀ ಕೊಡಿ" ಎಂದರೆ ಅನುಭವವಿರುವ ಅಂಗಡಿಯವರು ತಕ್ಷಣ ಕೇಳುತ್ತಾರೆ: "ಯಾವ ಮುಕ್ಕಾಲು ಸಾರ್, ಅಗ್ರಿದಾ, ಪ್ಲಂಬಿಂಗ್‌ದಾ?" ಈ ಪ್ರಶ್ನೆಗೆ ಉತ್ತರ ತಿಳಿಯದೆ ಹೋದರೆ ಎರಡು ಸಲ ಓಡಾಡಬೇಕಾಗುತ್ತದೆ. ತೋಟಕ್ಕೆ ಬಳಸುವ ಪಿವಿಸಿ ಪೈಪನ್ನು ಐಎಸ್ 4985 ಮಾನಕದಂತೆ ಹೊರಮೈಯ ವ್ಯಾಸದಿಂದ ಅಳೆಯುತ್ತಾರೆ: 20, 25, 32, 40, 50, 63 ಮಿ.ಮೀ. ಹೀಗೆ. ಮಾತಿನಲ್ಲಿ 25ನ್ನು ಮುಕ್ಕಾಲು ಇಂಚು, 32ನ್ನು ಒಂದು ಇಂಚು, 63ನ್ನು ಎರಡು ಇಂಚು ಎನ್ನುತ್ತೇವೆ. ಆದರೆ ಮನೆಯ ನಲ್ಲಿ ಕೆಲಸಕ್ಕೆ ಬರುವ, ಇಂಚಿನ ಲೆಕ್ಕದ ಯುಪಿವಿಸಿ ಪೈಪಿನಲ್ಲಿ ಮುಕ್ಕಾಲು ಇಂಚು ಎಂದರೆ ಹೊರಗಿನ ವ್ಯಾಸ 26.7 ಮಿ.ಮೀ., ಒಂದು ಇಂಚು ಎಂದರೆ 33.4 ಮಿ.ಮೀ.; ಬಿಸಿನೀರಿನ ಸಿಪಿವಿಸಿಯಲ್ಲಿ ಮುಕ್ಕಾಲು ಇಂಚು 22.2 ಮಿ.ಮೀ. ಮಾತ್ರ. ಹೆಸರು ಒಂದೇ, ಮೈ ಬೇರೆ. 25ರ ಪೈಪು 26.7ರ ಟೀಯೊಳಗೆ ಲೊಡಲೊಡನೆ ಅಲುಗಾಡುತ್ತದೆ, ಆ ಸಂದನ್ನು ಸಲ್ಯೂಷನ್ ತುಂಬುತ್ತದೆ ಎಂದು ನಂಬಿದರೆ ಒಂದು ವಾರದಲ್ಲಿ ಮತ್ತೆ ಅಗೆಯಬೇಕಾಗುತ್ತದೆ. 33.4ರ ಪೈಪು 32ರ ಟೀಯೊಳಗೆ ಹೋಗುವುದೇ ಇಲ್ಲ.

ಪೈಪಿನ ಮೈಮೇಲೆ ಅಳತೆಯನ್ನೂ ಒತ್ತಡದ ದರ್ಜೆಯನ್ನೂ ಸಾಲಾಗಿ ಅಚ್ಚು ಹಾಕಿರುತ್ತಾರೆ. ಮಣ್ಣು ತೊಳೆದರೆ ಹೆಚ್ಚಾಗಿ ಓದಲು ಸಿಗುತ್ತದೆ. ಅಳಿಸಿಹೋಗಿದ್ದರೆ ಕತ್ತರಿಸಿ ತೆಗೆದ ಒಂದು ತುಂಡನ್ನೇ ಅಂಗಡಿಗೆ ಒಯ್ಯುವುದು ಎಲ್ಲಕ್ಕಿಂತ ನೇರವಾದ ದಾರಿ. ದರ್ಜೆಯ ವಿಷಯದಲ್ಲಿ ಒಂದು ಸರಳ ಲೆಕ್ಕ ನೆನಪಿರಲಿ: ಹತ್ತು ಮೀಟರ್ ಎತ್ತರದ ನೀರು ಚದರ ಸೆಂ.ಮೀ.ಗೆ ಒಂದು ಕಿಲೋ ಒತ್ತಡ ಕೊಡುತ್ತದೆ. ಇಪ್ಪತ್ತು ಅಡಿಯ ಟ್ಯಾಂಕು ಕೊಡುವುದು ಸುಮಾರು 0.6 ಕಿಲೋ, ಅದಕ್ಕೆ 4 ಕೆ.ಜಿ. ಒತ್ತಡದ ದರ್ಜೆಯ ಪೈಪು ಧಾರಾಳ. ನಮ್ಮಂತೆ ಮೋಟಾರಿನಿಂದ ನೇರವಾಗಿಯೂ ನೀರು ಬಿಡುವವರು 6 ಕೆ.ಜಿ. ದರ್ಜೆಯನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ನಾನು ತಂದದ್ದು ಇಷ್ಟು: 32 ಮಿ.ಮೀ. ಟೀ ಒಂದು, ಎರಡು ಪೈಪುಗಳ ತುದಿ ಕೂಡಿಸುವ ಕಪ್ಲಿಂಗ್ ಎರಡು (ಒಂದು ಕೆಟ್ಟರೆ ಇರಲೆಂದು), ಬೇಕಾದಾಗ ಬಿಚ್ಚಿ ಸೇರಿಸಬಹುದಾದ ಯೂನಿಯನ್ ಒಂದು, ಎರಡಡಿ ಪೈಪು, ಚಿಕ್ಕ ಡಬ್ಬಿ ಸಲ್ಯೂಷನ್, ಉಪ್ಪು ಕಾಗದ, ಟೆಫ್ಲಾನ್ ಟೇಪು. ಹ್ಯಾಕ್ಸಾ ಬ್ಲೇಡು ಮನೆಯಲ್ಲಿದ್ದರೂ ಹೊಸದೊಂದನ್ನು ತರಬೇಕು, ಏಕೆಂದರೆ ಹಲ್ಲು ಸವೆದ ಬ್ಲೇಡು ಪೈಪನ್ನು ಕೊಯ್ಯುವುದಿಲ್ಲ, ಅಲುಗಾಡಿಸುತ್ತದೆ. ಸಲ್ಯೂಷನ್ ಡಬ್ಬಿಯನ್ನು ಅಂಗಡಿಯಲ್ಲೇ ಅಲುಗಿಸಿ ನೋಡಬೇಕು. ಒಳಗೆ ಮುದ್ದೆಯಾಗಿದ್ದರೆ ಬೇರೆ ಕೇಳಬೇಕು. ಮುದ್ದೆಯಾದದ್ದಕ್ಕೆ ಥಿನ್ನರ್ ಬೆರೆಸಿ ತೆಳ್ಳಗೆ ಮಾಡುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬಾರದು. ಸಿಪಿವಿಸಿಯ ಸಲ್ಯೂಷನ್ ಬೇರೆ, ಇದು ಬೇರೆ ಎಂಬುದೂ ಗಮನದಲ್ಲಿರಲಿ.

ನೀರು ನಿಲ್ಲಿಸುವುದು ಮತ್ತು ಅಗೆಯುವುದು

ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ಲೈನಿನ ಕೊನೆಯ ಎಂಡ್ ಕ್ಯಾಪ್ ಬಿಚ್ಚಿ, ಉಳಿದ ನೀರು ಹರಿದುಹೋಗಲು ಬಿಡಬೇಕು. ಮೋಟಾರಿನ ಸಂಪರ್ಕವಿರುವವರು ಇಲ್ಲಿ ಇನ್ನೊಂದು ಕೆಲಸವನ್ನು ಮರೆಯಬಾರದು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ತಾನಾಗಿ ಚಾಲೂ ಆಗುವ ಆಟೋ ಸ್ಟಾರ್ಟರ್ ಇದ್ದರೆ ಅದನ್ನು ಆಟೋದಿಂದ ತಪ್ಪಿಸಿ, ಫ್ಯೂಸು ತೆಗೆದು ಜೇಬಿನಲ್ಲಿಟ್ಟುಕೊಳ್ಳಬೇಕು. ನಾನು ಸ್ವಿಚ್ಚನ್ನು ಮಾತ್ರ ನೋಡಿ ಸಮಾಧಾನಪಟ್ಟಿದ್ದೆ. ಸಂಜೆ ಅಂಟಿಸಿದ ಜೋಡಣೆಯ ಮೇಲೆ ರಾತ್ರಿ ಹತ್ತಕ್ಕೆ ಕರೆಂಟು ಬಂದು, ಮೋಟಾರು ಓಡಿ, ಬೈಪಾಸಿನಿಂದ ನೀರು ನುಗ್ಗಿತು. ಬೆಳಿಗ್ಗೆ ಗುಂಡಿಯಲ್ಲಿ ಕೆಸರು ತುಂಬಿತ್ತು, ಕಪ್ಲಿಂಗು ಪೈಪಿನಿಂದ ಅರ್ಧ ಜಾರಿ ಹೊರಬಂದು ಅಲ್ಲೇ ಗಟ್ಟಿಯಾಗಿತ್ತು. ಎಲ್ಲವನ್ನೂ ಕೊಯ್ದು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಅಗೆಯುವಾಗ ಪೈಪಿನ ಹತ್ತಿರ ಬಂದ ಮೇಲೆ ಪಿಕಾಸಿಯನ್ನು ಬದಿಗಿಟ್ಟು ಕೈಯಿಂದಲೋ ತೆಂಗಿನ ಚಿಪ್ಪಿನಿಂದಲೋ ಮಣ್ಣು ಬಿಡಿಸಬೇಕು. ಒಡೆದ ಟೀಯಿಂದ ಎರಡೂ ಕಡೆ ಕನಿಷ್ಠ ಎರಡಡಿ, ಮುಂದೆ ಹೇಳುವ ಯೂನಿಯನ್ ಬರುವ ಕಡೆ ನಾಲ್ಕಡಿ ಪೈಪು ಬಯಲಾಗಬೇಕು. ಪೈಪಿನ ಅಡಿಯಲ್ಲೂ ನಾಲ್ಕು ಬೆರಳು ಆಳ ತೋಡಬೇಕು. ಇದು ಕೈ ಆಡಲು ಮಾತ್ರವಲ್ಲ, ಅಂಟಿಸುವಾಗ ಅಡಿಯ ಕೆಸರು ಪೈಪಿಗೆ ತಗುಲದಿರಲು ಬೇಕು. ಟ್ಯಾಂಕಿನ ಕಡೆಯಿಂದ ಹನಿ ಬರುತ್ತಲೇ ಇದ್ದರೆ ಗುಂಡಿಯ ಒಂದು ಮೂಲೆಯನ್ನು ಆಳ ಮಾಡಿ, ನೀರು ಅಲ್ಲಿ ನಿಲ್ಲುವಂತೆ ಮಾಡಿ ಚೊಂಬಿನಿಂದ ಮೊಗೆಯುತ್ತಿರಬಹುದು.

ಟೀಯ ಎರಡೂ ಪಕ್ಕದಲ್ಲಿ ಅರ್ಧ ಅಡಿ ದೂರದಲ್ಲಿ ಪೈಪನ್ನು ಕತ್ತರಿಸಬೇಕು. ಹತ್ತಿರ ಕತ್ತರಿಸಿದರೆ ಉಳಿದ ಪೈಪಿನಲ್ಲಿ ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಬಿರುಕು ಉಳಿದಿರುವ ಸಂಭವವಿದೆ. ಕತ್ತರಿಸಿದ ಅಂಚನ್ನು ಉಗುರಿನಿಂದ ಸುತ್ತ ಸವರಿ ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಇನ್ನೆರಡು ಇಂಚು ಹಿಂದೆ ಹೋಗಿ ಮತ್ತೆ ಕತ್ತರಿಸಿ. ಕೊಯ್ತ ನೇರವಾಗಿ ಬರಲು ಪೈಪಿನ ಸುತ್ತ ಒಂದು ಪಟ್ಟಿ ಕಾಗದವನ್ನು ಅಂಚಿಗೆ ಅಂಚು ಸೇರುವಂತೆ ಸುತ್ತಿ, ಅದರ ಗೆರೆ ಹಿಡಿದು ಬ್ಲೇಡು ಆಡಿಸಬೇಕು. ಕೊಯ್ಯುವಾಗ ಉದುರುವ ಪುಡಿ ಪೈಪಿನೊಳಗೆ ಬೀಳದಂತೆ ಒದ್ದೆ ಬಟ್ಟೆಯ ತುಂಡನ್ನು ಒಳಗೆ ತುರುಕಿ, ಮುಗಿದ ಮೇಲೆ ಮರೆಯದೆ ಎಳೆದು ತೆಗೆಯಬೇಕು. ಆ ಬಿಳಿ ಪುಡಿ ಡ್ರಿಪ್ಪರಿನ ಬಾಯಿಗೆ ಹೋಗಿ ಕುಳಿತರೆ ತೆಗೆಯುವುದು ಮಹಾ ತಲೆನೋವು.

ಟೀ ಕೂರಲು ಜಾಗ ಮಾಡುವುದು

ಇದಕ್ಕೆ ಮೂರು ದಾರಿಗಳನ್ನು ನಾನು ಕಂಡಿದ್ದೇನೆ.

ಮೊದಲನೆಯದು ಪೈಪನ್ನೇ ಎತ್ತಿ ಬಾಗಿಸುವುದು. ಎರಡೂ ಕಡೆ ಆರಾರು ಅಡಿ ಉದ್ದ ಮಣ್ಣು ಬಿಡಿಸಿ, ಕತ್ತರಿಸಿದ ತುದಿಗಳನ್ನು ಮುಕ್ಕಾಲು ಅಡಿ ಮೇಲಕ್ಕೆತ್ತಿದರೆ ನಡುವೆ ಸುಮಾರು ಒಂದು ಇಂಚು ಹೆಚ್ಚು ಜಾಗ ತೆರೆದುಕೊಳ್ಳುತ್ತದೆ. ಟೀಯ ಎರಡೂ ಬಾಯಿಗೆ ಪೈಪು ಸೇರಿಸಿ ನಿಧಾನವಾಗಿ ಕೆಳಗಿಳಿಸಿದರೆ ಅದು ಕೂರುತ್ತದೆ. ಹೊಸ ಪೈಪಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಹತ್ತು ಹದಿನೈದು ವರ್ಷದ ಪೈಪಿನಲ್ಲಿ, ಅದರಲ್ಲೂ ಹೂಳುವ ಮೊದಲು ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನಲ್ಲಿ, ಎತ್ತುವಾಗಲೇ ಇನ್ನೊಂದು ಕಡೆ ಟಪ್ಪೆಂದು ಮುರಿಯುವ ಭಯವಿದೆ. ಜೊತೆಗೆ ಅಷ್ಟುದ್ದ ಅಗೆಯುವ ದಾರಿಯಲ್ಲಿ ಒಂದು ತೆಂಗಿನ ಬೇರಾದರೂ ಅಡ್ಡ ಬರುತ್ತದೆ.

ಎರಡನೆಯದು ಕಪ್ಲಿಂಗಿನ ಒಳಗೆ ನಡುವೆ ಇರುವ ತಡೆಯ ಏಣನ್ನು ಗುಂಡು ಅರದಿಂದ ಉಜ್ಜಿ ತೆಗೆದು, ಅದನ್ನು ಪೂರ್ತಿಯಾಗಿ ಒಂದು ಪೈಪಿನ ಮೇಲೆ ಸರಿಸಿಟ್ಟು, ತುದಿಗಳು ಎದುರಾದ ಮೇಲೆ ಹಿಂದಕ್ಕೆ ಜಾರಿಸುವುದು. ಕೇಳಲು ಚೆನ್ನಾಗಿದೆ. ಆದರೆ ಕಪ್ಲಿಂಗಿನ ಬಾಯಿ ಒಳಕ್ಕೆ ಹೋದಂತೆ ಸ್ವಲ್ಪ ಕಿರಿದಾಗುವುದರಿಂದ ಅದು ಒಣಗಿದ್ದಾಗಲೇ ಕಷ್ಟದಿಂದ ಜಾರುತ್ತದೆ, ಸಲ್ಯೂಷನ್ ಹಚ್ಚಿದ ಮೇಲೆ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ನನಗೆ ಇದರ ಮೇಲೆ ನಂಬಿಕೆಯಿಲ್ಲ.

ಮೂರನೆಯದು ಯೂನಿಯನ್. ನಾನು ಈಗ ಮಾಡುವುದು ಇದನ್ನೇ. ಯೂನಿಯನ್ನಿನ ಎರಡು ಅರ್ಧಗಳು ಒಂದರೊಳಗೊಂದು ಹೋಗುವುದಿಲ್ಲ, ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತವೆ. ನಡುವಿನ ರಬ್ಬರ್ ರಿಂಗನ್ನು ಹೊರಗಿನ ನಟ್ಟು ಬಿಗಿಯಾಗಿ ಅದುಮುತ್ತದೆ. ಆದ್ದರಿಂದ ಆ ಕಡೆಯ ಪೈಪು ಹಿಂದೆ ಮುಂದೆ ಸರಿಯಬೇಕಿಲ್ಲ, ಪಕ್ಕಕ್ಕೆ ಎರಡು ಇಂಚು ಬಾಗಿದರೆ ಸಾಕು. ಮುಂದೆ ಎಂದಾದರೂ ಟೀ ಮತ್ತೆ ಕೆಟ್ಟರೆ ಕೊಯ್ಯದೆ ಬಿಚ್ಚಲೂ ಬರುತ್ತದೆ.

ಕೆಲಸ ಹೀಗೆ. ಮೊದಲು ಗುಂಡಿಯ ಹೊರಗೆ, ಹಲಗೆಯ ಮೇಲೆ, ಟೀಯ ಎರಡೂ ಬಾಯಿಗೆ ಅರ್ಧರ್ಧ ಅಡಿಯ ಪೈಪು ತುಂಡುಗಳನ್ನು ಅಂಟಿಸಿ, ಬಲಗಡೆಯ ತುಂಡಿನ ತುದಿಗೆ ಯೂನಿಯನ್ನಿನ ಒಂದು ಅರ್ಧವನ್ನು ಅಂಟಿಸಬೇಕು. ಇನ್ನೊಂದು ಅರ್ಧವನ್ನು ನೆಲದಲ್ಲಿರುವ ಬಲಗಡೆಯ ಪೈಪಿಗೆ ಅಂಟಿಸಬೇಕು. ನಟ್ಟು ಯಾವ ಅರ್ಧದ ಮೇಲೆ ಬರುತ್ತದೋ ಆ ಕಡೆಯ ಪೈಪಿಗೆ ಅದನ್ನು ಮೊದಲೇ ತೂರಿಸಿ ಹಿಂದಕ್ಕೆ ಸರಿಸಿಟ್ಟಿರಬೇಕು, ಮತ್ತು ಅದರ ಥ್ರೆಡ್ ಯೂನಿಯನ್ನಿನ ಕಡೆಗೇ ಮುಖ ಮಾಡಿರಬೇಕು. ಇದನ್ನು ಓದುವಾಗ ಯಾರು ಮರೆಯುತ್ತಾರೆ ಎನಿಸುತ್ತದೆ. ನಾನು ಸಲ್ಯೂಷನ್ ಹಚ್ಚಿ, ಒತ್ತಿ, ಮನಸ್ಸಿನಲ್ಲೇ ಮೂವತ್ತು ಎಣಿಸಿ ಕೈ ಬಿಟ್ಟು ನೋಡಿದರೆ ನಟ್ಟು ಹಲಗೆಯ ಮೇಲೆ ಕುಳಿತಿತ್ತು.

ಎರಡು ಗಂಟೆ ಬಿಟ್ಟು ಈ ಜೋಡಣೆಯನ್ನು ಗುಂಡಿಗಿಳಿಸಿ, ಯೂನಿಯನ್ನಿನ ನಟ್ಟನ್ನು ಕೈಯಿಂದ ಬಿಗಿದು, ಎಡಗಡೆಯ ತುಂಡು ನೆಲದ ಪೈಪಿನ ಪಕ್ಕದಲ್ಲಿ ಬರುವಂತೆ ಹಿಡಿಯಬೇಕು. ನೆಲದ ಪೈಪಿನ ತುದಿಗೆ ಸರಿಯಾಗಿ ತುಂಡಿನ ಮೇಲೆ ಗೆರೆ ಹಾಕಿ, ಕಪ್ಲಿಂಗಿನೊಳಗಿನ ಏಣಿನ ದಪ್ಪವನ್ನು, ಅದು ಎರಡು ಮೂರು ಮಿ.ಮೀ. ಇರುತ್ತದೆ, ಬಿಟ್ಟು ಕತ್ತರಿಸಬೇಕು. ಟೀಯ ಮೂರನೆಯ ಬಾಯಿ ನೇರ ಆಕಾಶಕ್ಕೆ ನೋಡುವಂತೆ ತಿರುಗಿಸಿ, ಕಪ್ಲಿಂಗು ಮತ್ತು ಎರಡು ಪೈಪುಗಳ ಮೇಲೂ ಒಂದೇ ಸಾಲಿನಲ್ಲಿ ಪೆನ್ಸಿಲ್ ಗೆರೆ ಎಳೆಯಬೇಕು. ಅಂಟು ಹಚ್ಚಿದ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಆಗ ಈ ಗೆರೆಯೇ ದಿಕ್ಕು. ನಂತರ ಯೂನಿಯನ್ ಬಿಚ್ಚಿ, ಬಲಗಡೆಯ ಪೈಪನ್ನು ಇನ್ನೊಬ್ಬರು ಪಕ್ಕಕ್ಕೆ ಒತ್ತಿ ಹಿಡಿದಿರುವಾಗ ಎಡಗಡೆಯ ಕಪ್ಲಿಂಗನ್ನು ಅಂಟಿಸಿ, ಕೊನೆಗೆ ಬಲಗಡೆಯನ್ನು ಸ್ವಸ್ಥಾನಕ್ಕೆ ತಂದು, ರಬ್ಬರ್ ರಿಂಗು ಅದರ ತೋಡಿನಲ್ಲಿ ಕುಳಿತಿದೆಯೇ ನೋಡಿ ನಟ್ಟು ಬಿಗಿಯಬೇಕು. ಕೈಯ ಬಲವೇ ಸಾಕು. ಯೂನಿಯನ್ನಿನಲ್ಲಿ ನೀರು ತಡೆಯುವುದು ರಬ್ಬರು, ಥ್ರೆಡ್ಡಲ್ಲ. ಅಲ್ಲಿಗೆ ಟೆಫ್ಲಾನ್ ಟೇಪು ಬೇಡ.

ಸಲ್ಯೂಷನ್ ಹಚ್ಚುವ ಬಗೆ

ನಮ್ಮ ಮಾತಿನಲ್ಲಿ ಗಮ್ ಎಂದರೂ ಸಲ್ಯೂಷನ್ ಅಂಟಲ್ಲ. ಅದು ಪಿವಿಸಿಯ ಮೈಯನ್ನು ಕರಗಿಸಿ, ಪೈಪನ್ನೂ ಫಿಟ್ಟಿಂಗನ್ನೂ ಒಂದಾಗಿ ಬೆಸೆಯುತ್ತದೆ. ಆದ್ದರಿಂದಲೇ ಡ್ರಿಪ್ಪಿನ ಕಪ್ಪು ಪೈಪಿಗೆ ಅದು ಹಿಡಿಯುವುದಿಲ್ಲ. ಅದು ಪಾಲಿಎಥಿಲೀನು, ಈ ದ್ರವಕ್ಕೆ ಕರಗುವುದಿಲ್ಲ. ಕರಗಿಸಬೇಕಾದ ಮೈ ಮೇಲೆ ಮಣ್ಣು, ನೀರು, ಎಣ್ಣೆ ಏನಿದ್ದರೂ ಬೆಸುಗೆ ಅಲ್ಲಿಗೆ ತಲುಪುವುದಿಲ್ಲ.

ಕತ್ತರಿಸಿದ ಅಂಚಿನ ಒಳಗಿನ ಚಿಂದಿಯನ್ನು ಚಾಕುವಿನಿಂದ ಹೆರೆದು, ಹೊರ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿ, ಪೈಪಿನ ಹೊರಮೈ ಮತ್ತು ಫಿಟ್ಟಿಂಗಿನ ಒಳಮೈಯ ಹೊಳಪು ಹೋಗುವಷ್ಟು ಮಾತ್ರ ಉಪ್ಪು ಕಾಗದದಿಂದ ತಿಕ್ಕಿ, ಒಣ ಬಟ್ಟೆಯಿಂದ ಒರೆಸಬೇಕು. ಸಲ್ಯೂಷನ್ ಇಲ್ಲದೆ ಒಮ್ಮೆ ಸೇರಿಸಿ ನೋಡಬೇಕು. ಪೈಪು ಬಾಯಿಯ ಮೂರನೆಯ ಒಂದು ಭಾಗದಿಂದ ಮೂರನೆಯ ಎರಡು ಭಾಗದವರೆಗೆ ಸಲೀಸಾಗಿ ಹೋಗಿ ಬಿಗಿಯಾದರೆ ಅಳತೆ ಸರಿಯಾಗಿದೆ. ಪೂರ್ತಿ ಹೋಗಬೇಕಾದ ಆಳವನ್ನು ಪೈಪಿನ ಮೇಲೆ ಗುರುತು ಮಾಡಿಕೊಳ್ಳಬೇಕು.

ಪೈಪಿಗೆ ಧಾರಾಳವಾಗಿ, ಫಿಟ್ಟಿಂಗಿನೊಳಗೆ ತೆಳ್ಳಗೆ, ಮತ್ತೆ ಪೈಪಿಗೆ ಇನ್ನೊಂದು ತೆಳುವಾದ ಕೈ ಹಚ್ಚಿ ಕೂಡಲೇ ಸೇರಿಸಬೇಕು. ಫಿಟ್ಟಿಂಗಿನೊಳಗೆ ಸುರಿದಂತೆ ಹಚ್ಚಿದರೆ ಹೆಚ್ಚಾದದ್ದು ಒಳಕ್ಕೆ ಜಾರಿ, ಪೈಪಿನ ಗೋಡೆಯನ್ನು ಮೆತ್ತಗೆ ಮಾಡುತ್ತದೆ. ಪೆನ್ಸಿಲ್ ಗೆರೆಗಿಂತ ಕಾಲು ಸುತ್ತು ಆಚೆಗೆ ಇಟ್ಟು ಒತ್ತುತ್ತಾ, ಗೆರೆಗಳು ಕೂಡುವವರೆಗೆ ತಿರುಗಿಸಿ, ಗುರುತಿನವರೆಗೆ ತಳ್ಳಿ, ಮೂವತ್ತು ಸೆಕೆಂಡು ಕೈ ಬಿಡದೆ ಹಿಡಿದಿರಬೇಕು. ಬಾಯಿ ಒಳಕ್ಕೆ ಕಿರಿದಾಗುತ್ತಾ ಹೋಗುವುದರಿಂದ ಕೈ ಬಿಟ್ಟ ಕೂಡಲೇ ಪೈಪು ತಾನಾಗಿ ಹೊರಕ್ಕೆ ಜಾರಲು ನೋಡುತ್ತದೆ. ಬೆರಳಿಗೆ ಆ ತಳ್ಳು ಸ್ಪಷ್ಟವಾಗಿ ತಿಳಿಯುತ್ತದೆ. ಬಾಯಿಯ ಸುತ್ತ ಎಲ್ಲೂ ಕಡಿಯದ ತೆಳ್ಳನೆಯ ಉಂಗುರ ಎದ್ದಿದ್ದರೆ ಕೆಲಸ ಸರಿಯಾಗಿದೆ. ಆ ಹೆಚ್ಚುವರಿಯನ್ನು ಬಟ್ಟೆಯಿಂದ ಒರೆಸಿಬಿಡಬೇಕು.

ಮಧ್ಯಾಹ್ನದ ಬಿಸಿಲಿನಲ್ಲಿ ಈ ಕೆಲಸ ಬೇಡ. ಹಚ್ಚಿದ್ದು ಸೇರಿಸುವ ಮೊದಲೇ ಒಣಗುವುದು ಒಂದು ಕಾರಣ. ಇನ್ನೊಂದು, ಕಾದ ಪಿವಿಸಿ ಹಿಗ್ಗಿರುತ್ತದೆ: ಹತ್ತು ಮೀಟರ್ ಪೈಪು 20 ಡಿಗ್ರಿ ತಣಿದರೆ ಸುಮಾರು 14 ಮಿ.ಮೀ. ಕುಗ್ಗುತ್ತದೆ, ಆ ಎಳೆತವೆಲ್ಲ ಹಸಿ ಜೋಡಣೆಯ ಮೇಲೆ ಬೀಳುತ್ತದೆ. ಬೆಳಿಗ್ಗೆ ಒಳ್ಳೆಯ ಹೊತ್ತು. ಸಲ್ಯೂಷನ್ನಿನ ಆವಿಗೆ ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಗುಂಡಿಯಲ್ಲಿ ಬಗ್ಗಿ ಕುಳಿತವರಿಗೆ ತಲೆ ಸುತ್ತಿಸುತ್ತದೆ. ಬೀಡಿ ಸೇದುವ ಸಹಾಯಕರನ್ನು ದೂರ ಕೂರಿಸಬೇಕು. ಪೈಪನ್ನು ಬೆಂಕಿಗೆ ಕಾಸಿ ಬಾಯಿ ಹಿಗ್ಗಿಸಿ ಇನ್ನೊಂದಕ್ಕೆ ತೂರಿಸುವ ರೂಢಿ ಹೊಲಗಳಲ್ಲಿದೆ. ಹಾಗೆ ಹಿಗ್ಗಿಸಿದ ಕಡೆ ಗೋಡೆ ತೆಳ್ಳಗಾಗುತ್ತದೆ, ಸೀದ ಪಿವಿಸಿಯ ಹೊಗೆ ಗಂಟಲಿಗೂ ಕಣ್ಣಿಗೂ ಕೆಟ್ಟದ್ದು. ಕೆಲವೇ ರೂಪಾಯಿಗೆ ಕಪ್ಲಿಂಗು ಸಿಗುವಾಗ ಮನೆಯ ಲೈನಿಗೆ ಅದರ ಅಗತ್ಯವಿಲ್ಲ.

ಥ್ರೆಡ್ಡು ಮುರಿದು ಒಳಗೇ ಉಳಿದಾಗ

ಕೆಲವೊಮ್ಮೆ ಟೀ ಉಳಿದು, ಸ್ಟ್ಯಾಂಡ್ ಪೈಪಿನ ತುದಿಯ ಎಂಟಿಎ, ಅಂದರೆ ಹೊರಗೆ ಥ್ರೆಡ್ ಇರುವ ಫಿಟ್ಟಿಂಗು, ಹಿತ್ತಾಳೆ ವಾಲ್ವಿನೊಳಗೆ ಮುರಿದುಕೊಂಡಿರುತ್ತದೆ. ಹಿಡಿಯಲು ಏನೂ ಇಲ್ಲದ ಆ ಪ್ಲಾಸ್ಟಿಕ್ ಉಂಗುರವನ್ನು ತೆಗೆಯಲು ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಒಳಗಿನಿಂದ ಅರ್ಧ ಇಂಚು ಅಂತರದಲ್ಲಿ ಎರಡು ಗೀರು ಕೊಯ್ಯಬೇಕು. ಹಿತ್ತಾಳೆಯ ಥ್ರೆಡ್ಡಿನ ಹೊಳಪು ಗೀರಿನ ಅಡಿಯಲ್ಲಿ ಚುಕ್ಕೆಚುಕ್ಕೆಯಾಗಿ ಕಂಡ ಕೂಡಲೇ ನಿಲ್ಲಿಸಬೇಕು. ಎರಡು ಗೀರುಗಳ ನಡುವಿನ ತುಣುಕನ್ನು ಸ್ಕ್ರೂಡ್ರೈವರಿನಿಂದ ಒಳಕ್ಕೆ ಮೀಟಿ ತೆಗೆದರೆ ಉಳಿದ ಉಂಗುರ ಸಡಿಲಗೊಂಡು ಇಕ್ಕಳಕ್ಕೆ ಸಿಗುತ್ತದೆ. ಹೊಸ ಎಂಟಿಎಗೆ ಟೆಫ್ಲಾನ್ ಟೇಪನ್ನು, ತುದಿ ನಿಮ್ಮ ಕಡೆ ಇರುವಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಐದಾರು ಸುತ್ತು ಎಳೆದು ಸುತ್ತಿ, ಕೈಯಿಂದ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಿಂದ ಒಂದೆರಡು ಸುತ್ತು ಮಾತ್ರ ತಿರುಗಿಸಬೇಕು. ಲೋಹದ ಥ್ರೆಡ್ಡನ್ನು ಪ್ಲಾಸ್ಟಿಕ್ ಬಾಯಿಯೊಳಗೆ ಬಿಗಿಯುವ ಪರಿಸ್ಥಿತಿ ಇದ್ದರೆ ಒಳಗೆ ಹಿತ್ತಾಳೆ ಕೂರಿಸಿದ ಎಫ್‌ಟಿಎ, ಅಂದರೆ ಒಳಗೆ ಥ್ರೆಡ್ ಇರುವ ಫಿಟ್ಟಿಂಗು, ತರಬೇಕು, ಬರೀ ಪ್ಲಾಸ್ಟಿಕ್ಕಿನದು ಸೀಳುತ್ತದೆ.

16 ಮಿ.ಮೀ. ಡ್ರಿಪ್ ಪೈಪು ಹರಿದಿದ್ದರೆ ಇಷ್ಟೆಲ್ಲ ಬೇಡ. ಹರಿದ ಭಾಗವನ್ನು ಕತ್ತರಿಸಿ ತೆಗೆದು, ತುದಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಜಾಯಿನರ್ ತುರುಕಿದರೆ ಮುಗಿಯಿತು.

ನೀರು ಬಿಟ್ಟು ನೋಡುವುದು, ಮುಚ್ಚುವುದು

ಅಂಟಿಸಿದ ಜೋಡಣೆಯನ್ನು ಒಂದು ದಿನ ಸುಮ್ಮನೆ ಬಿಡುವುದು ಉತ್ತಮ. ಗಿಡಗಳು ಬಾಡುವಂತಿದ್ದರೆ ಎರಡು ಮೂರು ಗಂಟೆಯ ನಂತರ ಟ್ಯಾಂಕಿನ ನೀರನ್ನು ಬಿಡಬಹುದು, ಮೋಟಾರಿನ ನೇರ ನೀರನ್ನು ಮರುದಿನದವರೆಗೆ ಬಿಡಬಾರದು.

ಮೊದಲ ನೀರು ಡ್ರಿಪ್ಪರಿಗೆ ಹೋಗಬಾರದು. ಬಾಲ್ ವಾಲ್ವುಗಳನ್ನೆಲ್ಲ ಮುಚ್ಚಿ, ಮೇನ್ ಲೈನಿನ ಕೊನೆಯ ಕ್ಯಾಪ್ ತೆರೆದಿಟ್ಟು, ಗೇಟ್ ವಾಲ್ವನ್ನು ನಿಧಾನವಾಗಿ ತಿರುಗಿಸಬೇಕು. ಮೊದಲು ಗಾಳಿ ಬುಸುಗುಟ್ಟಿ, ಆಮೇಲೆ ಕೆಂಪು ನೀರು, ಬಿಳಿ ಪುಡಿ, ಒಂದೆರಡು ಮಣ್ಣಿನ ಹೆಂಟೆ ಬರುತ್ತವೆ. ನೀರನ್ನು ಬಿಳಿ ಬಕೆಟ್ಟಿನಲ್ಲಿ ಹಿಡಿದು ತಳ ಕಾಣುವವರೆಗೆ ಹರಿಯಬಿಟ್ಟು ಕ್ಯಾಪ್ ಮುಚ್ಚಬೇಕು. ಅನಂತರ ಒಂದೊಂದೇ ಡ್ರಿಪ್ ಪೈಪಿನ ಕೊನೆಯ ಮಡಿಕೆಯನ್ನು ಬಿಚ್ಚಿ ಅದೇ ರೀತಿ ತೊಳೆದು, ಫಿಲ್ಟರಿನ ಜಾಲರಿಯನ್ನು ಕಳಚಿ ಉಜ್ಜಬೇಕು.

ಲೈನು ತುಂಬಿದ ಮೇಲೆ ಜೋಡಣೆಗಳನ್ನು ಒಣ ಬಟ್ಟೆಯಿಂದ ಒರೆಸಿ, ಪ್ರತಿ ಬಾಯಿಯ ಸುತ್ತ ಒಲೆಯ ಒಣ ಬೂದಿಯನ್ನು ತೆಳ್ಳಗೆ ಉದುರಿಸಿ ಒಂದು ಗಂಟೆ ಬಿಡಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಸೋರಿಕೆಯೂ ಬೂದಿಯ ಮೇಲೆ ಕಪ್ಪು ಕಲೆಯಾಗಿ ಏಳುತ್ತದೆ. ಯೂನಿಯನ್ನಿನಲ್ಲಿ ಕಲೆ ಕಂಡರೆ ನಟ್ಟನ್ನು ಕಾಲು ಸುತ್ತು ಬಿಗಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅಂಟಿಸಿದ ಬಾಯಿಯಲ್ಲಿ ಕಂಡರೆ ಹೊರಗಿನಿಂದ ಸಲ್ಯೂಷನ್ ಬಳಿದು ಪ್ರಯೋಜನವಿಲ್ಲ, ಕೊಯ್ದು ಹೊಸದು ಹಾಕಬೇಕು.

ಗುಂಡಿ ಮುಚ್ಚುವಾಗ ಮೊದಲು ಕಲ್ಲುಗಳನ್ನು ಹೆಕ್ಕಿ ಹೊರಗೆಸೆದು, ಪೈಪಿನ ಅಡಿಗೆ ಜರಡಿ ಹಿಡಿದ ಮಣ್ಣನ್ನೋ ಮರಳನ್ನೋ ತುಂಬಿ, ಕೈಯಿಂದ ಒತ್ತಿ, ಟೀಗೆ ಎರಡೂ ಕಡೆ ಸಮನಾದ ಹಾಸಿಗೆ ಸಿಗುವಂತೆ ಮಾಡಬೇಕು. ಪೈಪಿನ ಮೇಲೆ ಅರ್ಧ ಅಡಿ ಮೃದು ಮಣ್ಣು ಬಂದ ಮೇಲೆಯೇ ಕಾಲಿನಿಂದ ತುಳಿಯಬಹುದು. ಯೂನಿಯನ್ ಇರುವ ಕಡೆ ತಳ ಕತ್ತರಿಸಿದ ಹಳೆಯ ಬಕೆಟ್ಟನ್ನು ಬೋರಲು ಇಟ್ಟು ಮೇಲೊಂದು ಚಪ್ಪಡಿ ಮುಚ್ಚಿದರೆ ಮುಂದೆ ಅಗೆಯುವ ಕೆಲಸ ಉಳಿಯುತ್ತದೆ. ಸ್ಟ್ಯಾಂಡ್ ಪೈಪನ್ನು ಮೊದಲಿಗಿಂತ ಗಿಡ್ಡ ಮಾಡಿ, ಪಕ್ಕದಲ್ಲಿ ಗಟ್ಟಿಯಾದ ಗೂಟ ನೆಟ್ಟು ಎರಡು ಕಡೆ ಕಟ್ಟಬೇಕು, ಗರಿ ಬಿದ್ದರೆ ಪೆಟ್ಟು ಗೂಟಕ್ಕೆ ಹೋಗಲಿ. ನೆಲದಿಂದ ಮೇಲಿರುವ ಪೈಪಿಗೆ ಬಿಳಿ ಬಣ್ಣ ಬಳಿದರೆ ಬಿಸಿಲಿಗೆ ಬೇಗ ಪೆಡಸಾಗುವುದಿಲ್ಲ.

ಅಳತೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಗೋಜಿಗೆ ನಾನು ಹೋಗುವುದಿಲ್ಲ. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಗೆ ಮಾರ್ಕರ್ ಪೆನ್ನಿನಿಂದ ಬರೆದಿಟ್ಟಿದ್ದೇನೆ: "ಮನೆಯ ಹಿಂಬದಿ ಮೂಲೆಯಿಂದ 14 ಅಡಿ, ಕಾಂಪೌಂಡಿನಿಂದ 3 ಅಡಿ, ಆಳ ಒಂದೂವರೆ ಅಡಿ. 32 ಎಂ.ಎಂ. ಅಗ್ರಿ, 6 ಕೆ.ಜಿ. ಯೂನಿಯನ್ ಟೀಯ ಬಲಗಡೆ. ಮೊದಲು ಫ್ಯೂಸು ತೆಗೆ."